ತೂತುಪಟ್ಟಿಯ ಫ್ರಾಂಕ್ ಹಾರ್ನ್‌ಬಿ

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ನನಗೆ ಸಿಕ್ಕಿದ್ದು ಎಂಟನೇ ತರಗತಿ, ಘಟಕ ನೇರ ಅನುಪಾತ. ನಕ್ಷೆಯ ಸ್ಕೇಲು, ಮಾದರಿಯ ಸ್ಕೇಲು ಎಲ್ಲವೂ ಬರುವುದು ಅಲ್ಲಿಯೇ. ಬೋಧನೋಪಕರಣವಾಗಿ ಎಲ್ಲರೂ ಒಯ್ಯುವ ಕರ್ನಾಟಕದ ನಕ್ಷೆಯನ್ನೇ ನಾನೂ ಒಯ್ಯಬಾರದೆಂಬ ಹಟ ಇತ್ತು. ನಮ್ಮಣ್ಣನ ಕಪಾಟಿನಲ್ಲಿ ಬಹಳ ದಿನದಿಂದ ಬಿಚ್ಚದೆ ಬಿದ್ದಿದ್ದ ಪ್ಲಾಸ್ಟಿಕ್ ಕಾರಿನ ಕಿಟ್ ಒಂದನ್ನು ಕೇಳಿ ತೆಗೆದುಕೊಂಡೆ. 1969ರ ಡಾಡ್ಜ್ ಚಾರ್ಜರ್, 1:25 ಅಳತೆಯದು. ಅಮೆರಿಕದವರು ಮಸಲ್ ಕಾರು ಎಂದು ಕರೆಯುವ ಜಾತಿ ಅದು; ಸ್ಟಾಕ್ ಕಾರು ಪಂದ್ಯಗಳಲ್ಲೂ ಓಡಿದ್ದು. ನಿಜವಾದ ಕಾರಿನ ಉದ್ದ ಸುಮಾರು 5.28 ಮೀಟರ್. ಇಪ್ಪತ್ತೈದರಿಂದ ಭಾಗಿಸಿದರೆ 21 ಸೆಂಟಿಮೀಟರ್ ಚಿಲ್ಲರೆ.

ಹತ್ತು ರಾತ್ರಿ ಕೂತು ಅಂಟಿಸಿದೆ. ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಂಚು ಉಜ್ಜಿ, ಬಣ್ಣ ಹಚ್ಚಿ, ಅಂಟು ಒಣಗುವವರೆಗೆ ಬಟ್ಟೆ ಕ್ಲಿಪ್ಪು ಹಾಕಿ ಹಿಡಿದು, ಕೊನೆಗೆ ಕಾರು ನಿಂತಾಗ ನನಗೇ ಹೆಮ್ಮೆಯಾಯಿತು. ತರಗತಿಯಲ್ಲಿ ಅದನ್ನು ಮೇಜಿನ ಮೇಲಿಟ್ಟ ಕೂಡಲೇ ಮಕ್ಕಳೆಲ್ಲ ಎದ್ದು ನಿಂತರು. ಮುಟ್ಟಬೇಡಿ ಎಂದೆ. ಆದರೂ ಒಬ್ಬ ಹುಡುಗ ಬೆರಳು ತಾಗಿಸಿದ. ಪಕ್ಕದ ಕನ್ನಡಿ ಕಳಚಿ ಬಿತ್ತು. ನಾನು ಗದರಿದೆ. ಆಮೇಲೆ ಅಳತೆಗಳನ್ನು ನಾನೇ ಕಪ್ಪುಹಲಗೆಯ ಮೇಲೆ ಬರೆದು, ನಾನೇ ಗುಣಿಸಿ, ಮಕ್ಕಳಿಂದ ಉತ್ತರ ಹೇಳಿಸಿ ಪಾಠ ಮುಗಿಸಿದೆ. ಮಾರ್ಗದರ್ಶಕ ಶಿಕ್ಷಕಿಯವರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ಉಪಕರಣ ಚೆನ್ನಾಗಿದೆಯೆಂದೂ, ಆದರೆ ಅದರಿಂದ ಕಲಿತದ್ದು ಪ್ರಶಿಕ್ಷಣಾರ್ಥಿ ಮಾತ್ರವೆಂದೂ. ಆ ದಿನ ಊಟ ಸೇರಲಿಲ್ಲ.

ಅದೇ ಪಾಠದಲ್ಲಿ ಉತ್ತರ ಕೊಡಲಾಗದ ಎರಡು ಪ್ರಶ್ನೆ ಬಂದಿದ್ದವು. ಒಬ್ಬಳು, ಇದನ್ನು ಬಿಚ್ಚಿ ಮತ್ತೆ ಜೋಡಿಸಬಹುದೇ ಎಂದು ಕೇಳಿದಳು. ಅಂಟು ಹಾಕಿದೆ, ಬಿಚ್ಚಲು ಬರುವುದಿಲ್ಲ ಎಂದೆ. ಇನ್ನೊಬ್ಬ, ತನ್ನ ಮನೆಯಲ್ಲಿರುವ ಲೋಹದ ಕಾರಿನ ಹೊಟ್ಟೆಯಲ್ಲಿ 1:43 ಎಂದು ಬರೆದಿದೆ, ಅದೇಕೆ ಅಂಥ ವಿಚಿತ್ರ ಸಂಖ್ಯೆ ಎಂದ. 40 ಅಲ್ಲ, 50 ಅಲ್ಲ, 43. ನಾಳೆ ಹೇಳುತ್ತೇನೆ ಎಂದು ಜಾರಿಕೊಂಡೆ. ಆ 43ರ ಬೆನ್ನು ಹತ್ತಿ ಗ್ರಂಥಾಲಯದಲ್ಲಿ ಕೂತವಳಿಗೆ ಸಿಕ್ಕವರು ಫ್ರಾಂಕ್ ಹಾರ್ನ್‌ಬಿ. ಮೊದಲ ಪ್ರಶ್ನೆಗೂ ಉತ್ತರ ಅವರ ಬದುಕಿನಲ್ಲೇ ಇತ್ತು.

ಹಾರ್ನ್‌ಬಿ ಹುಟ್ಟಿದ್ದು 1863ರ ಮೇ 15ರಂದು, ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲಿನಲ್ಲಿ. ತಂದೆ ದಿನಸಿ ವ್ಯಾಪಾರಿ. ಶಾಲೆಯಲ್ಲಿ ಹುಡುಗ ಅಷ್ಟೇನೂ ಹೆಸರು ಮಾಡಲಿಲ್ಲ. ಹದಿನಾರಕ್ಕೆ ಶಾಲೆ ಬಿಟ್ಟು ತಂದೆಯ ಅಂಗಡಿಯ ಲೆಕ್ಕಕ್ಕೆ ಕೂತರು. ಇಂಜಿನಿಯರಿಂಗ್ ತರಬೇತಿ ಎಂಬುದು ಅವರಿಗೆ ಜೀವನದಲ್ಲಿ ಎಂದೂ ಆಗಲಿಲ್ಲ. ಇದ್ದದ್ದು ಓದಿನ ಹುಚ್ಚು. ಬಡತನದಿಂದ ಮೇಲೆ ಬಂದ ಯಂತ್ರ ನಿರ್ಮಾಪಕರ ಕಥೆಗಳಿದ್ದ ಸ್ಯಾಮ್ಯುಯೆಲ್ ಸ್ಮೈಲ್ಸ್ ಅವರ ಪುಸ್ತಕವನ್ನು ಬಾಲ್ಯದಲ್ಲಿ ಓದಿ, ತಾನೂ ಏನಾದರೂ ಕಂಡುಹಿಡಿಯಬೇಕೆಂದು ಹೊರಟು, ನಿಲ್ಲದೆ ತಾನಾಗಿ ತಿರುಗುತ್ತಲೇ ಇರುವ ಯಂತ್ರ ಮಾಡಲು ಕೂತಿದ್ದರಂತೆ. ಭೌತಶಾಸ್ತ್ರ ಓದಿದ ನಮಗೆ ಅದು ಆಗದ ಮಾತು ಎಂದು ಗೊತ್ತು. ಹುಡುಗನಿಗೆ ಯಾರೂ ಹೇಳಿರಲಿಕ್ಕಿಲ್ಲ.

1887ರಲ್ಲಿ ಮದುವೆ. ಹೆಂಡತಿ ಕ್ಲಾರಾ ಶಾಲಾ ಶಿಕ್ಷಕಿ. ಹಾರ್ನ್‌ಬಿಯವರ ಕಥೆ ಹೇಳುವವರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಆಕೆ ಮನೆಯಲ್ಲಿ ಏನು ಹೇಳಿಕೊಟ್ಟರು, ಯಾವುದನ್ನು ಬೇಡವೆಂದರು ಎಂಬುದಕ್ಕೆ ದಾಖಲೆ ಉಳಿಯದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ, ಶಿಕ್ಷಕಿಯರ ಕೆಲಸ ಬಹುಮಟ್ಟಿಗೆ ಹಾಗೆಯೇ ಹೋಗುತ್ತದೆ. ರೋಲಂಡ್, ಡಗ್ಲಸ್ ಎಂಬ ಇಬ್ಬರು ಗಂಡುಮಕ್ಕಳು, ಪೆಟ್ರೀಷಿಯಾ ಎಂಬ ಮಗಳು.

1899ರಲ್ಲಿ ತಂದೆ ತೀರಿಕೊಂಡರು, ಅಂಗಡಿ ಮುಚ್ಚಿತು. ಹಾರ್ನ್‌ಬಿಗೆ ಆಗ ಮೂವತ್ತಾರು. ಡೇವಿಡ್ ಎಲಿಯಟ್ ಎಂಬ ಮಾಂಸ ಆಮದು ವ್ಯಾಪಾರಿಯ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಸಂಜೆ ಮನೆಗೆ ಬಂದು ಗಂಡುಮಕ್ಕಳಿಗಾಗಿ ಲೋಹದ ತಗಡು ಕತ್ತರಿಸಿ ಸೇತುವೆ, ಲಾರಿ, ಬಂದರಿನಲ್ಲಿ ಕಂಡಂಥ ಕ್ರೇನು ಮಾಡಿಕೊಡುತ್ತಿದ್ದರು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಕ್ರೇನಿಗೆಂದು ಕತ್ತರಿಸಿದ ತುಂಡು ಕ್ರೇನಿಗೇ ಆಗುತ್ತಿತ್ತು. ಮಕ್ಕಳಿಗೆ ಕ್ರೇನು ಸಾಕಾಗಿ ಸೇತುವೆ ಬೇಕೆಂದರೆ ತಂದೆ ಮತ್ತೆ ಮೊದಲಿನಿಂದ ತಗಡು ಕತ್ತರಿಸಬೇಕು. ಅಂದರೆ ಕಟ್ಟುವವರು ತಂದೆ, ನೋಡುವವರು ಮಕ್ಕಳು. ನನ್ನ ಡಾಡ್ಜ್ ಚಾರ್ಜರ್ ಪಾಠದ ಹಾಗೆಯೇ. ಹಾರ್ನ್‌ಬಿಯವರೇ ಮುಂದೆ ಹೇಳಿಕೊಂಡ ಕಥೆಯ ಪ್ರಕಾರ ರೈಲು ಪ್ರಯಾಣವೊಂದರಲ್ಲಿ ಕ್ರೇನಿನ ಬಗ್ಗೆ ಯೋಚಿಸುತ್ತಿದ್ದಾಗ ಅವರಿಗೆ ದಾರಿ ಹೊಳೆಯಿತು. ಗೆದ್ದವರು ಹಿಂದಿರುಗಿ ಹೇಳುವ ಕಥೆಗಳಲ್ಲಿ ರೈಲೋ ಸೇಬಿನ ಮರವೋ ಇದ್ದೇ ಇರುತ್ತದೆ, ಅದನ್ನು ಅಷ್ಟಕ್ಕೇ ಬಿಡೋಣ. ಹೊಳೆದದ್ದು ಮಾತ್ರ ಚೊಕ್ಕವಾದ ಗಣಿತ: ಎಲ್ಲ ಪಟ್ಟಿಗಳೂ ಅರ್ಧ ಅಂಗುಲ ಅಗಲ ಇರಲಿ, ಎಲ್ಲದರಲ್ಲೂ ಅರ್ಧ ಅಂಗುಲಕ್ಕೊಂದು ತೂತು ಇರಲಿ. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರ್. ಯಾವ ಪಟ್ಟಿಯ ಯಾವ ತೂತೂ ಇನ್ನೊಂದು ಪಟ್ಟಿಯ ಯಾವ ತೂತಿನ ಮೇಲಾದರೂ ಕೂರಬೇಕು. ಅದೇ ತೂತಿನಲ್ಲಿ ಬೋಲ್ಟು ಹೋದರೆ ಜೋಡಣೆ, ದಂಡ ಹೋದರೆ ಚಕ್ರದ ಅಚ್ಚು. ನಟ್ಟು ಸಡಿಲಿಸಿದರೆ ಕ್ರೇನು ಬಿಚ್ಚಿ ಪಟ್ಟಿಗಳ ರಾಶಿಯಾಗುತ್ತದೆ, ಆ ರಾಶಿಯಿಂದಲೇ ಸೇತುವೆ ಏಳುತ್ತದೆ.

ಆರಂಭದಲ್ಲಿ ಅಷ್ಟು ಚಿಕ್ಕ ನಟ್ಟು-ಬೋಲ್ಟುಗಳನ್ನೂ ಅವರೇ ಮಾಡಿಕೊಳ್ಳುತ್ತಿದ್ದರು; ಆಮೇಲೆ ಮಾಡಿಕೊಡುವವರು ಸಿಕ್ಕರು. ಪೇಟೆಂಟಿಗೆ ಅರ್ಜಿ ಹಾಕಲು ಕೈಯಲ್ಲಿ ದುಡ್ಡಿರಲಿಲ್ಲ. ಯಜಮಾನ ಎಲಿಯಟ್ ಅವರಿಂದ ಐದು ಪೌಂಡ್ ಸಾಲ ಪಡೆದು 1901ರ ಜನವರಿಯಲ್ಲಿ ಅರ್ಜಿ ಹಾಕಿದರು. ಅರ್ಜಿಯಲ್ಲಿ ತಮ್ಮ ವಸ್ತುವನ್ನು ಅವರು ಬರಿಯ ಆಟಿಕೆ ಎನ್ನಲಿಲ್ಲ, ಮಕ್ಕಳ ಆಟಿಕೆ ಅಥವಾ ಶೈಕ್ಷಣಿಕ ಸಾಧನ ಎಂದು ಕರೆದರು. ಶಾಲೆ ಬಿಟ್ಟವರೊಬ್ಬರು ಆ ಪದವನ್ನು ಆರಿಸಿಕೊಂಡದ್ದು ನನಗೆ ಕುತೂಹಲದ ವಿಷಯ. ಮನೆಯಲ್ಲಿದ್ದ ಶಿಕ್ಷಕಿಯ ನೆನಪು ಮತ್ತೆ ಬರುತ್ತದೆ, ಆದರೆ ಅದು ನನ್ನ ಊಹೆ ಮಾತ್ರ.

ಎಲಿಯಟ್ ಸಾಲ ಕೊಟ್ಟು ಸುಮ್ಮನಾಗಲಿಲ್ಲ. ಕಚೇರಿಯ ಪಕ್ಕ ಖಾಲಿಯಿದ್ದ ಜಾಗ ಬಿಟ್ಟುಕೊಟ್ಟು ಪಾಲುದಾರರಾದರು. 1902ರಲ್ಲಿ ಮೊದಲ ಪೆಟ್ಟಿಗೆ ಮಾರಾಟಕ್ಕೆ ಬಂತು. ಅದರ ಹೆಸರಿನ ಅರ್ಥ, ಯಂತ್ರವಿಜ್ಞಾನ ಸುಲಭವಾಯಿತು ಎಂದು. ಹದಿನಾರು ಬಗೆಯ ಬಿಡಿಭಾಗ, ಹನ್ನೆರಡು ಮಾದರಿ ಕಟ್ಟುವ ವಿಧಾನ ತಿಳಿಸುವ ಒಂದು ಹಾಳೆ. ಪಟ್ಟಿಗಳು ಅಂಚು ಮಡಚಿದ ತೆಳು ತಗಡಿನವು, ನೋಟಕ್ಕೆ ಒರಟು. ಅಂಗಡಿಯವರಿಗೆ ಅದು ಹಿಡಿಸಲಿಲ್ಲ. ಬಣ್ಣದ ಗೊಂಬೆಗಳ ನಡುವೆ ಈ ತೂತು ತಗಡನ್ನು ಯಾರು ಕೊಳ್ಳುತ್ತಾರೆ ಎಂಬುದು ಅವರ ಅನುಮಾನ.

ಹಾರ್ನ್‌ಬಿ ಆಗ ಹೋದದ್ದು ಮೇಷ್ಟರ ಬಳಿಗೆ. ಲಿವರ್‌ಪೂಲಿನಲ್ಲಿ ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಹೀಲ್-ಷಾ ಅವರಿಗೆ ತಮ್ಮ ಪೆಟ್ಟಿಗೆ ತೋರಿಸಿದರು. ಎರಡು ಗಾಜಿನ ಫಲಕಗಳ ನಡುವೆ ದ್ರವ ಹರಿಯುವ ರೀತಿಯನ್ನು ತೋರಿಸಿದ ಪ್ರಯೋಗಕ್ಕೆ ಇಂದಿಗೂ ಹೆಸರಾದವರು ಅವರೇ. ಪ್ರಾಧ್ಯಾಪಕರು ಮೆಚ್ಚಿ ಪತ್ರ ಬರೆದುಕೊಟ್ಟರು, ಆ ಪತ್ರ ವ್ಯಾಪಾರಕ್ಕೆ ಬೆಂಬಲವಾಯಿತು. ವಿಶ್ವವಿದ್ಯಾಲಯದ ಮೇಷ್ಟರೊಬ್ಬರು ಗುಮಾಸ್ತರೊಬ್ಬರ ತಗಡಿನ ಪಟ್ಟಿಯನ್ನು ಕೈಗೆತ್ತಿಕೊಂಡು ನೋಡಿದರಲ್ಲ, ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಘಟನೆ ಅದು.

ಆದರೂ ಲಾಭ ಓಡಿ ಬರಲಿಲ್ಲ. 1903ರಲ್ಲಿ 1500 ಪೆಟ್ಟಿಗೆ ಮಾರಿದರೂ ಕೈಗೆ ಏನೂ ಹತ್ತಲಿಲ್ಲ. ಮೊದಲ ಸಣ್ಣ ಲಾಭ ಕಂಡದ್ದು 1906ರಲ್ಲಿ. ಮುಂದಿನ ವರ್ಷ ಲೆಕ್ಕದ ಕೆಲಸ ಬಿಟ್ಟು, ಸಾಲ ಮಾಡಿ, ಬಿಡಿಭಾಗಗಳನ್ನು ತಾವೇ ತಯಾರಿಸಲು ಹೊರಟರು. 1907ರ ಸೆಪ್ಟೆಂಬರಿನಲ್ಲಿ ಮೆಕ್ಯಾನೊ ಎಂಬ ಹೆಸರು ನೋಂದಣಿಯಾಯಿತು. 1908ರಲ್ಲಿ ಕಂಪನಿ. ಎಲಿಯಟ್ ಹೊಸ ಕಂಪನಿಗೆ ಸೇರಲಿಲ್ಲ. ಐದು ಪೌಂಡ್ ಕೊಟ್ಟ ಮನುಷ್ಯ ಇಲ್ಲಿಂದ ಮುಂದೆ ಕಥೆಯಲ್ಲಿ ಕಾಣುವುದಿಲ್ಲ. ಪಟ್ಟಿಗಳು ದಪ್ಪ ಉಕ್ಕಿನವಾದವು, ತುದಿಗಳು ದುಂಡಗಾದವು, ನಿಕ್ಕಲ್ ಲೇಪ ಬಂತು. 1912ರ ಹೊತ್ತಿಗೆ ಪ್ಯಾರಿಸ್, ಬರ್ಲಿನ್‌ಗಳಲ್ಲಿ ಶಾಖೆ. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆ. 1979ರಲ್ಲಿ ಮುಚ್ಚುವವರೆಗೆ ಅದು ನಡೆಯಿತು. 1926ರಲ್ಲಿ ಪಟ್ಟಿಗಳಿಗೆ ಕೆಂಪು-ಹಸಿರು ಬಣ್ಣ ಬಂತು. ಅರ್ಧ ಅಂಗುಲ ಮಾತ್ರ ಬದಲಾಗಲಿಲ್ಲ. ಹಳೆಯ ಪಟ್ಟಿ ಹೊಸ ಪಟ್ಟಿಗೆ ಕೂಡಲೇಬೇಕಿತ್ತು, ತಂದೆ ಆಡಿದ ಪೆಟ್ಟಿಗೆ ಮಗನಿಗೂ ಬರಬೇಕಿತ್ತು.

1916ರಿಂದ ಪತ್ರಿಕೆಯನ್ನೂ ಹೊರಡಿಸಿದರು. ಮಾದರಿ ಕಟ್ಟುವ ಸ್ಪರ್ಧೆ ನಡೆಸಿದರು. ಕಂಪನಿಯ ಕೈಪಿಡಿಯಲ್ಲಿ ಇಲ್ಲದ ಯಂತ್ರಗಳನ್ನು ಮಕ್ಕಳೇ ಕಟ್ಟಿ ಕಳುಹಿಸಲಿ ಎಂಬುದು ಉದ್ದೇಶ. ಇದರಲ್ಲಿ ವ್ಯಾಪಾರ ಖಂಡಿತ ಇತ್ತು: ಒಂದು ಪೆಟ್ಟಿಗೆ ಕೊಂಡವರು ಮುಂದಿನ ದೊಡ್ಡ ಪೆಟ್ಟಿಗೆ ಕೊಳ್ಳಲೇಬೇಕು ಎಂಬ ಹಾಗೆ ಸಾಲಾಗಿ ಪೆಟ್ಟಿಗೆಗಳನ್ನು ಹೊಂದಿಸಿದ್ದರು. ದೊಡ್ಡ ಪೆಟ್ಟಿಗೆಗಳು ಸಾಮಾನ್ಯ ಮನೆಯವರ ಕೈಗೆ ಎಟುಕುವಂತಿರಲಿಲ್ಲ. ಇನ್ನೊಂದು ಮಾತನ್ನೂ ಹೇಳದೆ ಇರಲಾರೆ. ಜಾಹೀರಾತುಗಳು ಮಾತಾಡಿದ್ದೆಲ್ಲ ಹುಡುಗರ ಜೊತೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಸ್ಪ್ಯಾನರ್ ಹಿಡಿದವರು ಹುಡುಗರು. ಶಿಕ್ಷಕಿಯನ್ನು ಮದುವೆಯಾಗಿ ಮಗಳನ್ನೂ ಪಡೆದವರು ಹೀಗೆ ಮಾಡಿದರಲ್ಲ ಎಂದು, ಹತ್ತು ರಾತ್ರಿ ಕೂತು ಕಾರು ಅಂಟಿಸಿದ ನನಗೆ ಬೇಸರವಾಯಿತು.

ಈಗ 43ಕ್ಕೆ ಬರುತ್ತೇನೆ. 1920ರಲ್ಲಿ ಹಾರ್ನ್‌ಬಿ ಕೀಲಿ ಕೊಟ್ಟರೆ ಓಡುವ ರೈಲನ್ನು ಹೊರತಂದರು. ಓ ಗೇಜ್ ಎಂದು ಅದರ ಹೆಸರು; ಹಳಿಗಳ ನಡುವಿನ ಅಂತರ 32 ಮಿಲಿಮೀಟರ್. ಬ್ರಿಟನ್ನಿನಲ್ಲಿ ಈ ಗೇಜಿಗೆ ಮಾದರಿ ಮಾಡುವವರು ನಿಜವಾದ ಒಂದು ಅಡಿಗೆ ಏಳು ಮಿಲಿಮೀಟರ್ ಎಂದು ಲೆಕ್ಕ ಹಿಡಿದಿದ್ದರು. ಒಂದು ಅಡಿ 304.8 ಮಿಲಿಮೀಟರ್, ಏಳರಿಂದ ಭಾಗಿಸಿದರೆ 43.5. ಅಡಿಯನ್ನೂ ಮಿಲಿಮೀಟರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದ್ದರ ಫಲ ಈ ವಿಚಿತ್ರ ಸಂಖ್ಯೆ! ರೈಲು ನಿಲ್ದಾಣದ ಪಕ್ಕ ನಿಲ್ಲಿಸಲು ಕಾರು, ಲಾರಿ ಬೇಕಲ್ಲವೇ? 1933ರ ಕೊನೆಯಲ್ಲಿ ಅಂಥ ಪುಟ್ಟ ಲೋಹದ ವಾಹನಗಳು ಬಂದವು. 1934ರಲ್ಲಿ ಅವುಗಳಿಗೆ ಡಿಂಕಿ ಎಂಬ ಹೆಸರಾಯಿತು. ಮೊದಮೊದಲು ಅವು ಕಟ್ಟುನಿಟ್ಟಾಗಿ ಒಂದೇ ಅಳತೆಗೆ ಇರಲಿಲ್ಲ. ಆದರೂ ರೈಲಿನ ಅಳತೆ ಕಾರಿಗೆ ಅಂಟಿಕೊಂಡಿತು, ರೈಲು ಮರೆಯಾದ ಮೇಲೂ 1:43 ಉಳಿದುಕೊಂಡಿತು. ನಮ್ಮ ರಸಾಯನಶಾಸ್ತ್ರದವರಿಗೆ ಒಂದು ಸಣ್ಣ ವಿಷಯ: ಆ ಕಾಲದ ಸತು ಮಿಶ್ರಲೋಹದಲ್ಲಿ ಸೀಸ ಸ್ವಲ್ಪ ಬೆರೆತುಹೋದರೂ ಸಾಕು, ವರ್ಷಗಳು ಕಳೆದಂತೆ ಎರಕ ಬಿರುಕು ಬಿಟ್ಟು ಪುಡಿಯಾಗುತ್ತದೆ. ಹಾಗೆ ಕಪಾಟಿನಲ್ಲಿದ್ದಲ್ಲೇ ಹಾಳಾದ ಡಿಂಕಿ ಕಾರುಗಳು ಎಷ್ಟೋ.

ಅದೇ ವರ್ಷಗಳಲ್ಲಿ ಮೆಕ್ಯಾನೊ ಕಂಪನಿ ಕಾರು ಕಟ್ಟುವ ಪ್ರತ್ಯೇಕ ಪೆಟ್ಟಿಗೆಯನ್ನೂ ಹೊರತಂದಿತ್ತು. ಒಂದೇ ಪೆಟ್ಟಿಗೆಯ ಭಾಗಗಳಿಂದ ಒಂದು ದಿನ ಪಂದ್ಯದ ಕಾರು, ಬಿಚ್ಚಿ ಇನ್ನೊಂದು ದಿನ ಮುಚ್ಚಿದ ಕಾರು. ಅಮೆರಿಕದ ಎಎಂಟಿ ಕಂಪನಿ 1958ರಲ್ಲಿ ಪ್ಲಾಸ್ಟಿಕ್ ಕಾರಿನ ಕಿಟ್ಟುಗಳನ್ನು ತಂದಾಗ ಅವೂ ಒಂದರಲ್ಲಿ ಮೂರು ಎಂಬ ಬಗೆಯವು: ಅಂಗಡಿಯಿಂದ ಬಂದ ಹಾಗಿರುವ ಕಾರು, ಮಾಲೀಕ ತನ್ನ ಇಷ್ಟದಂತೆ ಮಾರ್ಪಡಿಸಿದ್ದು, ಪಂದ್ಯದ್ದು. ಆದರೆ ಮೂರರಲ್ಲಿ ಒಂದನ್ನು ಆರಿಸಿ ಅಂಟು ಹಚ್ಚಿದರೆ ಮುಗಿಯಿತು, ಉಳಿದೆರಡು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ನೋಟದಲ್ಲಿ ಪ್ಲಾಸ್ಟಿಕ್ ಕಾರು ಎಷ್ಟೋ ಪಾಲು ಮೇಲು. ಬಾಗಿಲಿನ ಗೆರೆಯಿಂದ ಹಿಡಿದು ಇಂಜಿನ್ನಿನ ಪೈಪಿನವರೆಗೆ ಎಲ್ಲ ಇರುತ್ತದೆ. ಮೆಕ್ಯಾನೊ ಕಾರು ನಿಜವಾದ ಕಾರಿನಂತೆ ಕಾಣುವುದೇ ಕಡಿಮೆ. ಬೋಧನೋಪಕರಣ ಆರಿಸುವಾಗ ನಾನು ನೋಡಿದ್ದು ನೋಟವನ್ನು.

1931ರಲ್ಲಿ ಹಾರ್ನ್‌ಬಿ ಕನ್ಸರ್ವೇಟಿವ್ ಪಕ್ಷದಿಂದ ಲಿವರ್‌ಪೂಲಿನ ಎವರ್ಟನ್ ಕ್ಷೇತ್ರದ ಸಂಸದರಾದರು, 1935ರಲ್ಲಿ ಬಿಟ್ಟರು. ಆ ನಾಲ್ಕು ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಅವರ ಕೈಮೀರಿ ನಡೆಯಿತು. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಗಣಿತಜ್ಞ ಡಗ್ಲಸ್ ಹಾರ್ಟ್ರಿ ತಮ್ಮ ವಿದ್ಯಾರ್ಥಿ ಆರ್ಥರ್ ಪೋರ್ಟರ್ ಜೊತೆ ಸೇರಿ ಅವಕಲ ಸಮೀಕರಣ ಬಿಡಿಸುವ ಯಂತ್ರದ ಮಾದರಿಯನ್ನು ಹೆಚ್ಚುಕಡಿಮೆ ಮೆಕ್ಯಾನೊ ಭಾಗಗಳಿಂದಲೇ ಕಟ್ಟಿದರು. ಅಮೆರಿಕದಲ್ಲಿ ವ್ಯಾನಿವಾರ್ ಬುಷ್ ಕಟ್ಟಿದ್ದ ಭಾರೀ ಯಂತ್ರವನ್ನು ನೋಡಿ ಬಂದಿದ್ದರು ಹಾರ್ಟ್ರಿ; ಇವರ ಮಾದರಿಗೆ ತಗುಲಿದ್ದು ಸುಮಾರು ಇಪ್ಪತ್ತು ಪೌಂಡ್. ಅದು ಬರಿಯ ತೋರಿಕೆಯ ಮಾದರಿಯಾಗಿರಲಿಲ್ಲ, ಲೆಕ್ಕ ಮಾಡುತ್ತಿತ್ತು. ಹದಿನಾರಕ್ಕೆ ಶಾಲೆ ಬಿಟ್ಟವರ ಪಟ್ಟಿಗಳು ವಿಶ್ವವಿದ್ಯಾಲಯದಲ್ಲಿ ಕಲನಶಾಸ್ತ್ರ ಮಾಡಿದವು.

ಮಧುಮೇಹವೂ ಹೃದ್ರೋಗವೂ ಇದ್ದ ಹಾರ್ನ್‌ಬಿ 1936ರ ಸೆಪ್ಟೆಂಬರ್ 21ರಂದು ತೀರಿಕೊಂಡರು. ವಯಸ್ಸು ಎಪ್ಪತ್ಮೂರು. ಆ ಹೊತ್ತಿಗೆ ಕೋಟ್ಯಧೀಶರಾಗಿದ್ದರು. ಲಿವರ್‌ಪೂಲಿನ ಹೊರಗಿನ ಮಾಘಲ್‌ನಲ್ಲಿ ಸಮಾಧಿ. ಯಾರಿಗಾಗಿ ಮೊದಲ ಕ್ರೇನು ಕತ್ತರಿಸಿದ್ದರೋ ಆ ರೋಲಂಡ್ ಕಂಪನಿಯ ಅಧ್ಯಕ್ಷರಾದರು.

ಇದನ್ನೆಲ್ಲ ಓದಿಕೊಂಡು ಎರಡನೇ ವಾರ ಅದೇ ತರಗತಿಗೆ ಹೋದೆ. ಉಕ್ಕಿನ ಪಟ್ಟಿ ಕೊಳ್ಳುವ ಶಕ್ತಿ ನನಗಿರಲಿಲ್ಲ. ದಪ್ಪ ರಟ್ಟಿನ ಪೆಟ್ಟಿಗೆಗಳನ್ನು ಉದ್ದುದ್ದ ಕತ್ತರಿಸಿ, ಎರಡು ಸೆಂಟಿಮೀಟರಿಗೊಂದರಂತೆ ಪಂಚಿಂಗ್ ಮಷಿನ್ನಿನಲ್ಲಿ ತೂತು ಹೊಡೆದೆ. ಹಾರ್ಡ್‌ವೇರ್ ಅಂಗಡಿಯಿಂದ ಸಣ್ಣ ನಟ್ಟು-ಬೋಲ್ಟು ತಂದೆ. ಮೊದಲು 43ರ ಲೆಕ್ಕ ಮಾಡಿದೆವು; ಕೇಳಿದ್ದ ಹುಡುಗ ತನ್ನ ಕಾರನ್ನೇ ತಂದಿದ್ದ, ಅಳೆದವನೂ ಅವನೇ. ಆಮೇಲೆ ಪಟ್ಟಿಗಳನ್ನು ಗುಂಪುಗಳಿಗೆ ಹಂಚಿ, 3, 4, 5 ಬಾಹುಗಳ ತ್ರಿಭುಜ ಕಟ್ಟಲು ಹೇಳಿದೆ. ಲಂಬಕೋನ ತಾನಾಗಿ ಬರುತ್ತದೆ, ಅದನ್ನು ದೊಡ್ಡದು ಮಾಡಿ ಅನುಪಾತಕ್ಕೆ ಹೋಗೋಣ ಎಂಬುದು ನನ್ನ ಪಾಠ ಯೋಜನೆ.

ಲಂಬಕೋನ ಬರಲಿಲ್ಲ. ಐದು ಗುಂಪಿನಲ್ಲಿ ನಾಲ್ಕು ಗುಂಪಿನ ತ್ರಿಭುಜ ಒಂದು ಕಡೆಗೆ ವಾಲಿ ಕೂತಿತ್ತು. ಕೋನಮಾಪಕ ಇಟ್ಟರೆ 104 ಡಿಗ್ರಿ, 105 ಡಿಗ್ರಿ. ನನ್ನ ಪಟ್ಟಿಗಳೇ ಓರೆಯಾಗಿವೆಯೇನೋ ಎಂದು ಮೈ ಬೆವರಿತು. ಹಿಂದೆ ಮೇಡಂ ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದಾರೆ. ಮೊದಲ ಪಾಠದಲ್ಲಿ ಬಿಚ್ಚಿ ಜೋಡಿಸಬಹುದೇ ಎಂದು ಕೇಳಿದ್ದ ಹುಡುಗಿಯದೂ ಆ ವಾಲಿದ ಗುಂಪುಗಳಲ್ಲಿ ಒಂದು. ಅವಳು ಯಾರನ್ನೂ ಕೇಳದೆ ನಟ್ಟು ಬಿಚ್ಚಿ, ಪಟ್ಟಿಯನ್ನು ಮೇಜಿನ ಮೇಲೆ ಉದ್ದಕ್ಕೆ ಇಟ್ಟು, ತೂತುಗಳ ಮೇಲೆ ಬೆರಳಿಟ್ಟು ಎಣಿಸತೊಡಗಿದಳು. ಆಮೇಲೆ ಬೆರಳನ್ನು ತೂತುಗಳ ನಡುವಿನ ಜಾಗದಲ್ಲಿಟ್ಟು ಮತ್ತೆ ಎಣಿಸಿದಳು. ಮೂರು ತೂತಿದ್ದರೆ ನಡುವೆ ಇರುವುದು ಎರಡೇ ಅಂತರ. ಎಲ್ಲರೂ 3, 4, 5 ತೂತು ಎಣಿಸಿ 2, 3, 4ರ ತ್ರಿಭುಜ ಕಟ್ಟಿದ್ದರು. ಬೇಕಾದದ್ದು 4, 5, 6 ತೂತು. ಅವಳು ಹಾಗೆ ಬದಲಾಯಿಸಿ ನಟ್ಟು ಬಿಗಿದಾಗ ಪುಸ್ತಕದ ಮೂಲೆ ಆ ಮೂಲೆಗೆ ಸರಿಯಾಗಿ ಕೂತಿತು. ಉಳಿದ ಗುಂಪುಗಳಲ್ಲೂ ನಟ್ಟು ಸಡಿಲಾಗತೊಡಗಿದವು.

ಪಾಠ ಯೋಜನೆಯ ಅರ್ಧ ಭಾಗ ಉಳಿದೇ ಹೋಯಿತು. ಗಂಟೆ ಹೊಡೆಯುವ ಹೊತ್ತಿಗೆ ಅವರು ಎರಡರಷ್ಟು ದೊಡ್ಡ ತ್ರಿಭುಜಕ್ಕೆ, ಅಂದರೆ 6, 8, 10ಕ್ಕೆ ಬಂದಿದ್ದರು. ಅದಕ್ಕೆ 7, 9, 11 ತೂತಿನ ಪಟ್ಟಿ ಬೇಕೆಂದು ಅವರೇ ಲೆಕ್ಕ ಹಾಕಿದರು. ನಾನು ಮಾಡಿದ್ದ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಉದ್ದನೆಯದರಲ್ಲಿ ಹತ್ತೇ ತೂತಿದ್ದವು. ಶನಿವಾರ ರಟ್ಟು ತಂದು ಕತ್ತರಿಸಬೇಕು. ಈ ಸಲ ಪಂಚಿಂಗ್ ಮಷಿನ್ನನ್ನು ಅವರ ಕೈಗೇ ಕೊಡುತ್ತೇನೆ.